ದುಡ್ಡು ದುಡಿಯುತ್ತದೆಯೇ?

“ನಿಮ್ಮ ದುಡ್ಡನ್ನು ಸುಮ್ಮನೆ ಮಲಗಿಸಬೇಡಿ ಮೇಡಂ, ಅದು ನಿಮಗಾಗಿ ದುಡಿಯಲಿ” ಎಂಬ ಮಾತನ್ನು ಈಚೆಗೆ ನಾನು ಬ್ಯಾಂಕಿನಲ್ಲಿ ಕೇಳಿದೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳಿದೆ, ಕಡೆಗೆ ಸೊಪ್ಪಿನ ಅಂಗಡಿಯ ಮುಂದೆಯೂ ಕೇಳಿದೆ. ಕೇಳುವುದಕ್ಕೆ ಚೆಂದದ ಮಾತು. ಆದರೆ ದುಡ್ಡಿಗೆಲ್ಲಿದೆ ಕೈಕಾಲು? ಅದು ಕಳೆ ಕೀಳುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ, ಬಸ್ಸು ಓಡಿಸುವುದಿಲ್ಲ. ಬೀರುವಿನಲ್ಲಿಟ್ಟ ಮೂರು ಲಕ್ಷ ರೂಪಾಯಿ ಮಾರನೆಯ ವರ್ಷವೂ ಮೂರು ಲಕ್ಷವೇ. ಅದನ್ನೇ ಹೊರಗೆ ಕಳಿಸಿದರೆ ಇಪ್ಪತ್ತು ಸಾವಿರವನ್ನು ಜೊತೆಗೆ ಕರೆದುಕೊಂಡು ಬರುತ್ತದೆ. ಆ ಇಪ್ಪತ್ತು ಸಾವಿರವನ್ನು ದುಡಿದವರು ಯಾರು?

ಮೂರು ಲಕ್ಷ ಎಂದದ್ದು ಬಾಯಿಗೆ ಬಂದ ಲೆಕ್ಕವಲ್ಲ. ಅಮ್ಮ ಹೋದ ಮೇಲೆ ನನ್ನ ಹೆಸರಿಗೆ ಬಂದದ್ದು ಅಷ್ಟು. ಅವಳು ನಮ್ಮ ತುಮಕೂರಿನ ಮನೆಯ ನಡುಮನೆಯಲ್ಲಿ ಕಿಟಕಿಯ ಪಕ್ಕ ಕೂತು ಮೂವತ್ತು ವರ್ಷಕ್ಕೂ ಮೇಲೆ ರವಿಕೆ ಹೊಲಿದವಳು. ಮೊದಮೊದಲು ಒಂದು ರವಿಕೆಗೆ ಎರಡು ರೂಪಾಯಿ. ಕಡೆಗಾಲದಲ್ಲಿ ದಾರ ಪೋಣಿಸಲು ಪಕ್ಕದ ಮನೆಯ ಮಗುವನ್ನು ಕರೆಯಬೇಕಾಗುತ್ತಿತ್ತು. ಹಾಗಾಗಿ ಈ ಮೂರು ಲಕ್ಷದ ಒಂದೊಂದು ರೂಪಾಯಿಯೂ ಯಾರ ಕಣ್ಣಿನ ಬೆಳಕು ತಿಂದು ಬಂದದ್ದೆಂದು ನನಗೆ ಗೊತ್ತು. ಅದರ ಪಕ್ಕದಲ್ಲಿ ಬಂದು ಕೂರುವ ರೂಪಾಯಿ ಯಾರದು, ಅದೂ ಗೊತ್ತಾಗಬೇಡವೇ ಎನ್ನಿಸಿತು. “ಅಕ್ಕಾ, ಶೇಕಡಾ ಎಷ್ಟು ಬರುತ್ತೆ ನೋಡೋದು ಬಿಟ್ಟು ಇದೇನು ತತ್ವಜ್ಞಾನ?” ಎಂದು ನನ್ನ ತಮ್ಮ ನಕ್ಕ. ನಗಲಿ.

ಮೊದಲು ನಮ್ಮ ಚೀಟಿಯನ್ನೇ ತೆಗೆದುಕೊಳ್ಳಿ. ನಮ್ಮಂಥ ಊರುಗಳ ಹೆಂಗಸರಿಗೆ ಹೂಡಿಕೆ ಎಂಬ ಶಬ್ದ ಗೊತ್ತಾಗುವ ಮೊದಲೇ ಚೀಟಿ ಗೊತ್ತಿರುತ್ತದೆ. ನಾನು ಸೇರಿರುವುದು ನೋಂದಣಿಯಾದ ಚೀಟಿ. ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಇಪ್ಪತ್ತು ತಿಂಗಳು. ಎರಡನೆಯ ತಿಂಗಳ ಹರಾಜಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಮಾರುವ ಹೆಂಗಸು ಮೂವತ್ತು ಸಾವಿರ ಬಿಟ್ಟು ಎಪ್ಪತ್ತು ಸಾವಿರಕ್ಕೆ ಚೀಟಿ ಕೂಗಿಕೊಂಡಳು. ಗಂಡ ಆಸ್ಪತ್ರೆಯಲ್ಲಿದ್ದ, ಮಾರನೆಯ ದಿನವೇ ಹಣ ಕಟ್ಟಬೇಕಿತ್ತು. ಬಿಟ್ಟ ಮೂವತ್ತರಲ್ಲಿ ಐದು ಸಾವಿರ ನಡೆಸುವವರ ಕಮಿಷನ್. ಉಳಿದ ಇಪ್ಪತ್ತೈದು ಸಾವಿರ ಇಪ್ಪತ್ತು ಜನಕ್ಕೆ ಹಂಚಿ ತಲೆಗೆ 1,250 ರೂಪಾಯಿ. ಆ ತಿಂಗಳು ನಾನು ಕಟ್ಟಿದ್ದು 3,750 ಮಾತ್ರ. ಪಕ್ಕದಲ್ಲಿದ್ದವರು “ಈ ಸಲ ಡಿವಿಡೆಂಡ್ ಚೆನ್ನಾಗಿ ಬಂತು ಅಲ್ವಾ?” ಎಂದರು.

ಡಿವಿಡೆಂಡ್ ಎನ್ನುವುದು ಎಂಥ ಮಡಿ ಉಟ್ಟ ಶಬ್ದ ನೋಡಿ! ನಮ್ಮ ಹತ್ತೊಂಬತ್ತು ಜನರಲ್ಲಿ ಅತಿ ಹೆಚ್ಚು ಕಷ್ಟದಲ್ಲಿದ್ದವಳು ಯಾರೋ ಅವಳೇ ನಮಗೆಲ್ಲ ಹಣ ಕೊಟ್ಟಳು ಎಂಬುದು ಆ ಶಬ್ದದೊಳಗೆ ಕಾಣುವುದೇ ಇಲ್ಲ. ಹಾಗೆಂದು ಇದನ್ನು ಬರಿಯ ಪಾಪವೆನ್ನಲೂ ನನಗೆ ಬಾಯಿ ಬಾರದು. ಚೀಟಿ ಇಲ್ಲದಿದ್ದರೆ ಅವಳು ಮೀಟರ್ ಬಡ್ಡಿಯವನ ಮನೆ ಬಾಗಿಲಿಗೆ ಹೋಗಬೇಕಿತ್ತು. ಅವಳಿಗೆ ಬ್ಯಾಂಕು ಕೊಡುತ್ತಿರಲಿಲ್ಲ, ನೆಂಟರು ಕೊಡುತ್ತಿರಲಿಲ್ಲ, ನಾವು ಕೊಟ್ಟೆವು. ನೆರವೂ ಹೌದು, ಲಾಭವೂ ಹೌದು. ಒಂದೇ ನೋಟಿನ ಎರಡು ಮುಖದ ಹಾಗೆ ಅವು ಬೇರೆಯಾಗುವುದಿಲ್ಲ. ನಾನು ಚೀಟಿ ಬಿಡಲಿಲ್ಲ. ಮನೆಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಡಿವಿಡೆಂಡ್ ಎಂದು ಬರೆಯದೆ “ಹೂವಿನವಳು ಕೊಟ್ಟದ್ದು, 1,250” ಎಂದು ಬರೆದೆ. ಇದರಿಂದ ಅವಳಿಗೇನೂ ಬರಲಿಲ್ಲ, ನಿಜ. ಆದರೆ ಯಾರು ಕೊಟ್ಟರೆಂದು ಬರೆದಿಟ್ಟ ದುಡ್ಡನ್ನು ಖರ್ಚು ಮಾಡುವಾಗ ಕೈ ಸ್ವಲ್ಪ ತಡೆಯುತ್ತದೆ.

ಇಂಥ ಹೊತ್ತಿನಲ್ಲಿ ನನಗೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಆ ಹೆಂಗಸಿನ ಮುಂದೆ ನಿಂತು ಪಾಸ್‌ಬುಕ್ ತೋರಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಆದರೂ ಅವಳೊಡನೆ ಒಂದು ಮಾತು ವಾದಿಸಬೇಕೆನ್ನಿಸುತ್ತದೆ. ತಾಯಿ, ನಿನ್ನ ಕಾಲದಲ್ಲಿ ದುಡಿಯಲಾರದವರನ್ನು ನೋಡಿಕೊಳ್ಳಲು ನೆರೆಯಿತ್ತು, ಮಹಾಮನೆಯಿತ್ತು. ನಮಗಿರುವುದು ಆಸ್ಪತ್ರೆಯ ಬಿಲ್ಲು, ದೂರದೂರಿನಲ್ಲಿರುವ ಮಕ್ಕಳು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂದು ಗಾದೆ ಹೇಳುತ್ತದೆ; ನಿಲ್ಲಲಾಗದೆ ಕೂತವಳಿಗೆ ಆ ಕುಡಿಕೆಯಾದರೂ ಬೇಡವೇ? ನಾಳೆಗೆಂದು ಇಟ್ಟುಕೊಳ್ಳುವುದರಲ್ಲಿ ಆಸೆಯಷ್ಟೇ ಅಲ್ಲ, ಇನ್ನೊಬ್ಬರಿಗೆ ಹೊರೆಯಾಗಬಾರದೆಂಬ ಸಂಕೋಚವೂ ಇದೆ. ಹೆಂಗಸರಲ್ಲಿ ಅದೇ ಹೆಚ್ಚು. ಇಷ್ಟು ಹೇಳಿದ ಮೇಲೂ ಅವಳ ಪ್ರಶ್ನೆ ಅಲ್ಲೇ ನಿಂತಿರುತ್ತದೆ: ಈ ಹೆಚ್ಚಿನ ಅಕ್ಕಿ ಯಾರದು?

ಬ್ಯಾಂಕಿನ ಠೇವಣಿಯಲ್ಲಿ ಉತ್ತರ ಸರಳ. ಮನೆ ಕಟ್ಟುವವನೋ ಆಟೋ ಕೊಳ್ಳುವವನೋ ಬಡ್ಡಿ ಕಟ್ಟುತ್ತಾನೆ, ಅದರಲ್ಲೊಂದು ಪಾಲು ನನಗೆ. ಬ್ಯಾಂಕು ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆಯ ರಕ್ಷಣೆಯಿದೆ. 2020ಕ್ಕೆ ಮೊದಲು ಅದು ಒಂದೇ ಲಕ್ಷವಿತ್ತು. ಮೊದಲು ಹೆಜ್ಜೆ ಇಡುವವರು ಆರು ತಿಂಗಳ ಮನೆ ಖರ್ಚನ್ನಾದರೂ ಇಲ್ಲಿಟ್ಟು ಆಮೇಲೆ ಬೇರೆ ಕಡೆ ನೋಡುವುದು ಮೇಲು. ಚಿನ್ನದ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ, ನಮ್ಮವರಿಗೆ ಸಿಟ್ಟು ಬರುತ್ತದೆ. ಬಳೆ ಏನನ್ನೂ ಹುಟ್ಟಿಸುವುದಿಲ್ಲ, ಮುಂದೆ ಕೊಳ್ಳುವವನು ಹೆಚ್ಚು ಕೊಟ್ಟರೆ ಉಂಟು. ದುಡಿದವರು ಹಿಂದೆಯೇ ದುಡಿದು ಹೋಗಿದ್ದಾರೆ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ಜನ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಕಲ್ಲಿನ ಧೂಳು ಕುಡಿದು ತೆಗೆದದ್ದರಲ್ಲಿ ಒಂದು ಚೂರು ನಮ್ಮ ಅಜ್ಜಿಯ ಓಲೆಯಲ್ಲೂ ಇದ್ದೀತು.

ಷೇರು ಎಂದರೆ ಜೂಜು ಎಂದು ನಮ್ಮ ಮನೆಗಳಲ್ಲಿ ಹೇಳುತ್ತ ಬಂದಿದ್ದಾರೆ. ಅದು ಅರ್ಧ ನಿಜ. ಷೇರು ಎಂದರೆ ಒಂದು ಕಂಪನಿಯ ಒಡೆತನದಲ್ಲಿ ಸಣ್ಣ ಪಾಲು. ಅಲ್ಲಿ ನಿಜವಾಗಿಯೂ ಜನ ದುಡಿಯುತ್ತಾರೆ. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗೆ ಒಂದರಂತೆ ಷೇರು ಮಾರಲು ಬಂದಾಗ ಕೊಳ್ಳಲು ಸಾಕಷ್ಟು ಜನ ಮುಂದೆ ಬರಲಿಲ್ಲ. ಅಂದು 9,500 ಕೊಟ್ಟು ನೂರು ಷೇರು ಕೊಂಡು ಇಟ್ಟುಕೊಂಡವರ ಸಂಪತ್ತು ಇಂದು ಕೋಟಿಗಳಲ್ಲಿದೆ. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ದಶಕದಲ್ಲಿ ಜನರಿಂದ ಹಣ ಎತ್ತಿ ವಿಳಾಸವೇ ಇಲ್ಲದಂತಾದ ಕಂಪನಿಗಳೂ ಇದ್ದವು. ಸರ್ಕಾರವೇ ಅವಕ್ಕೆ ‘ಮಾಯವಾದ ಕಂಪನಿಗಳು’ ಎಂದು ಹೆಸರಿಟ್ಟು ಪಟ್ಟಿ ಮಾಡಿತು. ಆ ಕತೆಯನ್ನು ಮದುವೆಮನೆಯಲ್ಲಿ ಯಾರೂ ಹೇಳುವುದಿಲ್ಲ.

ಒಂದನ್ನೇ ನಂಬಬಾರದೆಂದು ಈಗ ಐವತ್ತು ದೊಡ್ಡ ಕಂಪನಿಗಳನ್ನು ಒಟ್ಟಿಗೆ ಕೊಳ್ಳುವ ನಿಫ್ಟಿ ಫಂಡುಗಳಿವೆ. ತಿಂಗಳಿಗೆ ಐನೂರು ರೂಪಾಯಿಯಿಂದಲೂ ಆಗುತ್ತದೆ, ಖರ್ಚು ಕಡಿಮೆ, ಹತ್ತು ವರ್ಷ ಮುಟ್ಟದೆ ಇರಬಲ್ಲವರಿಗೆ ಸಮಂಜಸವಾದದ್ದು. ನಾನೂ ಅಮ್ಮನ ಹಣದಲ್ಲಿ ಒಂದು ಭಾಗವನ್ನು ಕಂತುಕಂತಾಗಿ ಹಾಕಬೇಕೆಂದು ಆ ಐವತ್ತರ ಹೆಸರು ಓದತೊಡಗಿದೆ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಅದರಲ್ಲಿತ್ತು. ನಮ್ಮಪ್ಪ ಬೀಡಿ ಸೇದಿ ಸೇದಿ, ಕಡೆಯ ಎರಡು ವರ್ಷ ಮಲಗಲಾಗದೆ ಗೋಡೆಗೆ ಒರಗಿಯೇ ರಾತ್ರಿ ಕಳೆದವರು. ಹೊಲಿಗೆಯ ನಡುವೆ ಎದ್ದು ಅವರ ಬೆನ್ನು ನೀವುತ್ತಿದ್ದವಳು ಅಮ್ಮ. ಆ ಕೈ ಸಂಪಾದಿಸಿದ ಹಣ ಇನ್ನೊಬ್ಬರ ಮನೆಯ ಕೆಮ್ಮಿನಿಂದ ಬೆಳೆಯಬೇಕೇ? ಐವತ್ತರಲ್ಲಿ ಒಂದು ತಾನೇ, ನೂರಕ್ಕೆ ಮೂರೋ ನಾಲ್ಕೋ ರೂಪಾಯಿ ಎಂದು ತಮ್ಮ ಸಮಾಧಾನ ಹೇಳಿದ. ಹಾಲಿನಲ್ಲಿ ಬಿದ್ದ ನೊಣವೂ ಒಂದೇ. ಕಡೆಗೆ ನಾನು ಫಂಡಿನ ಬದಲು, ಏನು ಮಾಡುತ್ತವೆಂದು ನನಗೆ ಅರ್ಥವಾಗುವ ಆರು ಕಂಪನಿಗಳ ಷೇರನ್ನು ಸ್ವಲ್ಪ ಸ್ವಲ್ಪ ಕೊಂಡೆ. ಐವತ್ತರಲ್ಲಿ ಹರಡಿದ ಹಣಕ್ಕಿಂತ ಆರರಲ್ಲಿ ಹಾಕಿದ ಹಣಕ್ಕೆ ಅಪಾಯ ಹೆಚ್ಚೆಂದು ತಿಳಿದೇ ಕೊಂಡೆ. ಮನಸ್ಸಿನ ನೆಮ್ಮದಿಗೂ ಒಂದು ಬೆಲೆಯಿದೆ, ಅದನ್ನು ಕಟ್ಟಲು ನನಗೆ ಬೇಸರವಿಲ್ಲ. ಎಲ್ಲರೂ ಹೀಗೆ ಮಾಡಿ ಎಂದು ಹೇಳಲಾರೆ.

ಆದರೆ ಎರಡು ಕಡೆ ಎಲ್ಲರಿಗೂ ಬೇಡವೆಂದೇ ಹೇಳುತ್ತೇನೆ. ಒಂದು, ಫೋನಿನಲ್ಲಿ ಹುಡುಗರು ಆಡುವ ಫ್ಯೂಚರ್ಸ್, ಆಪ್ಷನ್ಸ್. ಅಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ, ಒಬ್ಬ ಸೋತದ್ದೇ ಇನ್ನೊಬ್ಬನ ಗಳಿಕೆ. ಸೆಬಿ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಹೀಗೆ ಆಡಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇನ್ನೊಂದು, ಹಣ ಎಲ್ಲಿಂದ ಬರುತ್ತದೆಂದು ಕೇಳಿದರೆ ಉತ್ತರವೇ ಸಿಗದ ಜಾಗ. ಬೆಂಗಳೂರಿನ ಐಎಂಎ 2019ರ ಜೂನಿನಲ್ಲಿ ಬಾಗಿಲು ಹಾಕಿದಾಗ ಬೀದಿಗೆ ಬಂದವರಲ್ಲಿ ಎಷ್ಟೋ ಹೆಂಗಸರು, ಮಗಳ ಮದುವೆಗೆ ಕೂಡಿಟ್ಟವರು. ಬಡ್ಡಿ ಧರ್ಮಕ್ಕೆ ಸಲ್ಲದೆಂದು, ವ್ಯಾಪಾರದ ಲಾಭದಲ್ಲಿ ಪಾಲೆಂದು ನಂಬಿ ಕೊಟ್ಟವರು ಅವರು. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಗುತ್ತಿತ್ತೆಂದು ತನಿಖೆ ನಡೆಸಿದವರು ಹೇಳಿದರು. ನನ್ನನ್ನು ಕಾಡುವುದು ಇದೇ. ಅವರು ನಮ್ಮೆಲ್ಲರಿಗಿಂತ ಮೊದಲೇ ಧರ್ಮದ ಪ್ರಶ್ನೆ ಕೇಳಿಕೊಂಡವರು. ಮೋಸ ಬಂದದ್ದೂ ಅದೇ ಬಾಗಿಲಿನಿಂದ.

ಹೀಗೆ ಸುತ್ತಿ ಸುತ್ತಿ, ಯಾರ ಬೆವರೂ ಇಲ್ಲದ ಗಳಿಕೆಯೊಂದು ಇದ್ದೀತೇ ಎಂದು ತಲೆ ಎತ್ತಿ ನೋಡಿದಾಗ ಕಂಡವನು ಸೂರ್ಯ! ನಮ್ಮ ಮನೆಯಲ್ಲಿ ತಿಂಗಳಿಗೆ ಮುನ್ನೂರು ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. ಇನ್ನೂರು ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಮೂರು ಕಿಲೋವಾಟಿನ ಫಲಕಗಳು ದಿನಕ್ಕೆ ಹೆಚ್ಚುಕಡಿಮೆ ಹನ್ನೆರಡು ಯೂನಿಟ್ ಕೊಡುತ್ತವೆ. ನಮಗೆ ಹೇಳಿದ ಬೆಲೆ ಎರಡು ಲಕ್ಷ. 2024ರಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಆಮೇಲೆ ಖಾತೆಗೆ ಬರುತ್ತದೆ. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ ವರ್ಷಕ್ಕೆ ಇಪ್ಪತ್ತೊಂದು ಸಾವಿರ ಉಳಿದರೆ ಆರು ವರ್ಷದಲ್ಲಿ ಹಾಕಿದ ಹಣ ತೀರುತ್ತದೆ. ಫಲಕಕ್ಕೆ ಇಪ್ಪತ್ತೈದು ವರ್ಷದ ಭರವಸೆ, ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕಾದೀತು. ಇನ್ನೂರು ಯೂನಿಟ್ಟಿನೊಳಗೆ ಬದುಕುವ, ಬಿಲ್ಲೇ ಬಾರದ ಮನೆಯವರಿಗೆ ಇದರಿಂದ ಉಳಿತಾಯವಿಲ್ಲ. ಸ್ವಂತ ತಾರಸಿ ಇಲ್ಲದವರಿಗಂತೂ ಸೂರ್ಯ ಇದ್ದೂ ಇಲ್ಲ. ಆ ಎಪ್ಪತ್ತೆಂಟು ಸಾವಿರವೂ ಸೋಪು ಕೊಳ್ಳುವಾಗ ಅವರು ಕಟ್ಟಿದ ತೆರಿಗೆಯಿಂದ ಬಂದದ್ದೇ ತಾನೇ?

ನಮ್ಮ ಜಿಲ್ಲೆಯ ಪಾವಗಡದಲ್ಲಿ 2018ರಲ್ಲಿ ಸೌರ ಪಾರ್ಕು ಶುರುವಾಯಿತು. ಸುಮಾರು ಹದಿಮೂರು ಸಾವಿರ ಎಕರೆ, 2,050 ಮೆಗಾವಾಟ್. ಮಳೆ ನಂಬಿ ಸೋತಿದ್ದ ರೈತರಿಗೆ ನೆಲ ಮಾರಬೇಕಾಗಿ ಬರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಒಳ್ಳೆಯದೇ. ತಿರುಮಣಿಯ ಕಡೆ ಹೋಗಿದ್ದಾಗ ದಾರಿಯ ಎರಡೂ ಕಡೆ ನೀಲಿ ಕೆರೆಯ ಹಾಗೆ ಫಲಕಗಳು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸನ್ನು ನಿಮಗೆಷ್ಟು ಎಕರೆ ಹೋಯಿತು ಎಂದು ಕೇಳಿದೆ. “ನಮಗೆಲ್ಲೈತೆ ಹೊಲ? ಕಡ್ಲೆಕಾಯಿ ಬಿಡಿಸೋಕೆ ಹೋಗ್ತಿದ್ವಿ. ಈಗ ಬಿಡಿಸೋದು ಏನನ್ನ?” ಎಂದಳು. ನೆಲವಿದ್ದವರಿಗೆ ಗುತ್ತಿಗೆ ಬಂತು. ನೆಲವಿಲ್ಲದವರಲ್ಲಿ ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಸವರುವ ಕೆಲಸ ಸಿಕ್ಕಿತು. ಉಳಿದವರು ಬಸ್ಸು ಹತ್ತಿದರು. ಬಿಸಿಲಿಗೆ ಬೆಲೆಯಿಲ್ಲ ಎಂದುಕೊಂಡಿದ್ದೆ. ಬಿಸಿಲು ಬೀಳುವ ನೆಲದ ಮೇಲೆ ಯಾರೋ ಬಾಗಿ ನಿಂತಿರುತ್ತಾರೆ.

ನಮ್ಮ ತಾರಸಿಯಲ್ಲಿ ಯಾರೂ ಇಲ್ಲವಲ್ಲ ಎಂದು ಧೈರ್ಯ ಮಾಡಿ ಅಳತೆಗೆ ಹುಡುಗರನ್ನು ಕರೆಸಿದೆ. ಮುನ್ನೂರು ಚದರಡಿ ಬೇಕೆಂದರು. ಅದು ತಾರಸಿಯ ದಕ್ಷಿಣದ ಅರ್ಧ. ಟೇಪು ಹಿಡಿದು ಓಡಾಡುತ್ತಿದ್ದಾಗ ಕೆಳಗಿನ ಮನೆಯ ಬಾಡಿಗೆಯವಳು ಬಕೆಟ್ಟು ಹಿಡಿದು ಮೇಲೆ ಬಂದಳು. ಸ್ವಲ್ಪ ಹೊತ್ತು ನೋಡಿ, “ಆಂಟಿ, ಇದು ಹಾಕಿದ ಮೇಲೆ ಬಟ್ಟೆ ಒಣಗಿಸೋಕೆ ಜಾಗ ಇರತ್ತಾ? ಬೇಸಿಗೇಲಿ ನಾನು ಸಂಡಿಗೆ ಮಾಡಿ ಅಂಗಡಿಗೆ ಕೊಡ್ತೀನಲ್ಲಾ” ಎಂದಳು. ನಾನು ಹುಡುಗರನ್ನು ಕೇಳಿದೆ. ಕಬ್ಬಿಣದ ಕಂಬ ಎಂಟು ಅಡಿ ಎತ್ತರಿಸಿದರೆ ಕೆಳಗೆ ಓಡಾಡಬಹುದು, ಬಟ್ಟೆ ಹರವಬಹುದು, ಅದಕ್ಕೆ ಹದಿನೆಂಟು ಸಾವಿರ ಹೆಚ್ಚು. ಆದರೆ ಕೆಳಗೆ ನೆರಳು ತಾನೇ ಮೇಡಂ, ಸಂಡಿಗೆ ಒಣಗೋದಿಲ್ಲ ಎಂದರು. ಹಾಗಾದರೆ ಎತ್ತರಿಸಿಯೇ ಹಾಕಿ, ಮೂರು ಬೇಡ ಎರಡು ಕಿಲೋವಾಟ್ ಸಾಕು, ಪೂರ್ವದ ಮೂಲೆ ಬಿಡಿ ಎಂದೆ. ಎರಡಕ್ಕಾದರೆ ಸಹಾಯಧನವೂ ಅರವತ್ತೇ ಸಾವಿರ ಎಂದು ಹುಡುಗ ನೆನಪಿಸಿದ. ಬಾಡಿಗೆಯವಳು ಅಷ್ಟು ಹೊತ್ತಿಗೆ ಪೂರ್ವದ ಮೂಲೆಗೆ ಹೋಗಿ, ಕೈ ಚಾಚಿ, ತನ್ನ ಚಾಪೆ ಎಷ್ಟು ಹಿಡಿಯುತ್ತದೆಂದು ಅಳೆಯುತ್ತಿದ್ದಳು.