ಸಂಕಲ್ಪಹಿಂಸೆ ಮತ್ತು ರೋಗಾಣು

1991ರಲ್ಲಿ ಕೋಪನ್‌ಹೇಗನ್ನಿನ ಪೀಟರ್ ನೀಲ್ಸನ್ ಮೊದಲಾದವರು ಡಿ.ಎನ್.ಎ.ಯ ಅಕ್ಷರಗಳನ್ನು, ಅದರ ಸಕ್ಕರೆ-ಫಾಸ್ಫೇಟಿನ ಬೆನ್ನೆಲುಬಿಗೆ ಬದಲಾಗಿ, ಪ್ರೋಟೀನನ್ನು ಹೋಲುವ ಕೃತಕ ಸರಪಳಿಗೆ ಪೋಣಿಸಿ ನಿರ್ಮಿಸಿದ ಪಿ.ಎನ್.ಎ. ಎಂಬ ಅಣುವು, ರೋಗಾಣುವಿನ ಆರ್.ಎನ್.ಎ. ಸಂದೇಶಕ್ಕೆ ಅಂಟಿಕೊಂಡು, ಅದರ ಬಾಳಿಗೆ ಅತ್ಯಗತ್ಯವಾದ ಪ್ರೋಟೀನು ಹುಟ್ಟದಂತೆ ತಡೆಯಬಲ್ಲುದು. ಕರುಳಿನ ಉಪಕಾರಿ ಜೀವಾಣುಗಳನ್ನೂ ಬಲಿಗೊಳ್ಳುವ ಸಾಮಾನ್ಯ ಪ್ರತಿಜೀವಕಕ್ಕಿಂತ ಇದು ಅಹಿಂಸೆಗೆ ಸಮೀಪವೆಂದು ತೋರುವುದು ಸಹಜ. ಆದರೆ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಮಾತ್ರದಿಂದಲೇ ರಾಜ ಯಶೋಧರನು ಭವಭವಗಳಲ್ಲಿ ತೊಳಲಿದುದನ್ನು ಜೈನಕವಿ ಜನ್ನನ ಕಾವ್ಯದಿಂದ ಅರಿತವರಿಗೆ, ವಧ್ಯನ ವಂಶಲಿಪಿಯನ್ನೇ ಓದಿ ಹೂಡುವ ಈ ಬಾಣದಲ್ಲಿ ಸಂಕಲ್ಪವು ಇನ್ನೂ ಗಾಢವಾಗಿರುವುದು ಕಾಣದಿರದು. ಆದರೂ, ಆತ್ಮರಕ್ಷಣೆಯ ವಿರೋಧಿಹಿಂಸೆಯನ್ನು ಗೃಹಸ್ಥನಿಗೆ ಕ್ಷಮಿಸಿದ ಜೈನಧರ್ಮವು ರೋಗಿಯ ಪಕ್ಷದಲ್ಲಿಯೇ ನಿಲ್ಲುವುದೆಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಈ ಬಾಣವೂ ಸದಾ ಗುರಿ ಮುಟ್ಟದು: ಇ. ಕೋಲಿ ಎಂಬ ಜೀವಾಣುವಾದರೋ, ಇಂಥ ಅಣುವನ್ನು ಒಳತರುವ ಪ್ರೋಟೀನನ್ನೇ ತೊರೆದು ಪ್ರಯೋಗಶಾಲೆಯಲ್ಲಿ ಪಾರಾದುದುಂಟು.