ಸಾವಿರದ ಮನೆ

ಕಳೆದ ವರ್ಷ ಆಗಮನ ಕಾಲ ಶುರುವಾಗುವ ಮುಂಚೆ ಉಮರ್ಗಾದ ಒಬ್ಬ ಆಯಿ ನಮ್ಮ ಯುವಕೂಟದವರನ್ನು ಮನೆಗೆ ಕರೆದು, ಅಟ್ಟದ ಮೇಲಿದ್ದ ಒಂದು ಹಲಗೆಯನ್ನು ಇಳಿಸಿಕೊಳ್ಳಲು ಹೇಳಿದರು. "ಕ್ರಿಸ್ಮಸ್ ಮೇಳಾದಾಗ ಹುಡುಗರು ಆಡಲಿ. ಇಲ್ಲಿ ಇಟ್ಟು ನಾ ಏನ್ ಮಾಡ್ಲಿ?" ಅಂದರು. ಗೋಣಿಚೀಲ ಬಿಚ್ಚಿದಾಗ ನಮ್ಮಲ್ಲಿ ಅರ್ಧ ಜನಕ್ಕೆ ಅದು ಏನೆಂದೇ ತಿಳಿಯಲಿಲ್ಲ. ಅವರ ಮನೆಯಲ್ಲಿ ಅದಕ್ಕೆ 'ಗುಂಡಿನ ಹಲಗೆ' ಎನ್ನುತ್ತಿದ್ದರಂತೆ. ಅಂಗಡಿಯವರು ಬ್ಯಾಗಟೆಲ್ ಎನ್ನುತ್ತಾರೆ.

ನೋಡದವರಿಗಾಗಿ ಹೇಳುತ್ತೇವೆ. ಮೇಲ್ತುದಿ ಕಮಾನಿನಂತೆ ದುಂಡಗಿರುವ ಮರದ ಹಲಗೆ. ಬಲಗಡೆ ಸ್ಪ್ರಿಂಗ್ ಇರುವ ಒಂದು ಕೋಲು. ಅದನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಓಡಿ, ಮೊಳೆಗಳಿಗೆ ಬಡಿಯುತ್ತ ಕೆಳಗಿಳಿದು, ಯಾವುದಾದರೊಂದು 'ಮನೆ'ಯಲ್ಲಿ ಕೂರುತ್ತದೆ. ಮೊಳೆಗಳ ಬೇಲಿ ಇರುವ ಒಂದೊಂದು ಮನೆಗೂ ಒಂದೊಂದು ಅಂಕ. ನಡುವಿನ ಮನೆಗೆ ಸಾವಿರ. ಈ ಆಟ ಹದಿನೆಂಟನೆಯ ಶತಮಾನದ ಫ್ರಾನ್ಸ್ ದೇಶದ್ದು. ಸ್ಪ್ರಿಂಗ್ ಕೋಲಿಗೆ 1871ರಲ್ಲಿ ಅಮೆರಿಕದಲ್ಲಿ ಮೊಂಟಾಗ್ಯೂ ರೆಡ್‌ಗ್ರೇವ್ ಪೇಟೆಂಟ್ ಪಡೆದರು. ಮುಂದೆ ಇದೇ ಹಲಗೆ ನಾಣ್ಯ ಹಾಕಿ ಆಡುವ ಪಿನ್‌ಬಾಲ್ ಯಂತ್ರವಾಯಿತು. ಆ ಯಂತ್ರಗಳಲ್ಲಿ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ರೆಕ್ಕೆಗಳು ಬಂದದ್ದು 1947ರಲ್ಲಿ. ನಮ್ಮ ಹಲಗೆಗೆ ರೆಕ್ಕೆ ಇಲ್ಲ. ಗುಂಡು ಕೈಬಿಟ್ಟ ಮೇಲೆ ನೋಡುತ್ತ ನಿಲ್ಲುವುದಷ್ಟೇ ನಮ್ಮ ಪಾಲು.

ದುರಸ್ತಿಗೆ ಮೂರು ಭಾನುವಾರ ಹಿಡಿಯಿತು. ಪೂಜೆ ಮುಗಿದ ಮೇಲೆ ನಿಲಂಗಾ ಮತ್ತು ಉದಗೀರದಿಂದ ಬರುವ ಗೆಳೆಯರೂ ಸೇರುತ್ತಿದ್ದರು. ತುಕ್ಕು ಹಿಡಿದ ಸ್ಪ್ರಿಂಗನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆವು. ಆದರೂ ಅದರಲ್ಲಿ ಜೀವ ಉಳಿದಿರಲಿಲ್ಲ, ಹೊಸದು ಹಾಕಿದೆವು. ಹಲಗೆ ಒಂದು ಕಡೆ ವಾಲಿತ್ತು. ರಸಮಟ್ಟ ಇಟ್ಟು ಎಡಬಲ ಸಮ ಮಾಡಿ, ಕಾಲುಗಳಿಗೆ ಚಕ್ಕೆ ಕೊಟ್ಟು ಬೇಕಾದಷ್ಟೇ ಇಳಿಜಾರು ಬಿಟ್ಟೆವು. ಗುಂಡುಗಳನ್ನು ಬೂದಿಯಲ್ಲಿ ಉಜ್ಜಿದೆವು. ಎಲ್ಲ ಮುಗಿಯಿತೆಂದು ಆಡಲು ಕೂತೆವು. ಆಡಿದೆವು, ಆಡಿದೆವು, ಸಾವಿರದ ಮನೆಗೆ ಒಂದು ಗುಂಡೂ ಬೀಳಲಿಲ್ಲ.

ವಿಜ್ಞಾನ ಓದಿದವರಿಗೆ ಒಂದು ಚಟ ಇರುತ್ತದೆ. ಇನ್ನೂರು ಗುಂಡು ಹೊಡೆದು ಬರೆದಿಟ್ಟೆವು. ಇನ್ನೂರರಲ್ಲಿ ಸೊನ್ನೆ. ಆಮೇಲೆ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆವು. ಗುಂಡಿನ ಅಡ್ಡಳತೆ 11 ಮಿಲಿಮೀಟರ್. ಸಾವಿರದ ಮನೆಯ ಬಾಗಿಲಲ್ಲಿ ನಿಂತ ಎರಡು ಮೊಳೆಗಳ ನಡುವಿನ ಜಾಗ 10 ಮಿಲಿಮೀಟರ್. ಗುಂಡು ಒಳಗೆ ಹೋಗುವಂತೆಯೇ ಇರಲಿಲ್ಲ. ಬಣ್ಣವನ್ನು ಸ್ವಲ್ಪ ಕೆರೆದು ನೋಡಿದರೆ ಆಚೀಚೆ ಎರಡು ಹಳೆಯ ತೂತುಗಳು ಕಂಡವು. ಅವುಗಳಿಗೆ ಮೇಣ ತುಂಬಿ ಮೇಲೆ ಹಸಿರು ಬಣ್ಣ ಹಚ್ಚಿದ್ದರು. ಯಾರೋ ಬೇಕೆಂದೇ ಆ ಮೊಳೆಗಳನ್ನು ಕಿತ್ತು ಹತ್ತಿರ ಹತ್ತಿರ ಹೊಡೆದಿದ್ದರು.

ಅಲ್ಲಿಂದ ನಮ್ಮಲ್ಲಿ ವಾದ ಎದ್ದಿತು. ಒಬ್ಬರು ಹೇಳಿದರು: "ದುರಸ್ತಿ ಅಂದ್ರ ಇದ್ದದ್ದನ್ನ ಇದ್ದಂಗ ಮಾಡೋದು. ನಾವ್ಯಾಕ ಬದಲಿಸಬೇಕು?" ಇನ್ನೊಬ್ಬರ ಮಾತು ಇನ್ನೂ ಗಟ್ಟಿಯಾಗಿತ್ತು: "ಐದು ರೂಪಾಯಿಗೆ ಐದು ಗುಂಡು. ಸಾವಿರ ಬಿದ್ರ ಸ್ಟೀಲ್ ಡಬ್ಬಿ ಬಹುಮಾನ. ಡಬ್ಬಿ ಹೋಗಲಿಲ್ಲ ಅಂದ್ರ ಬಡವರ ನಿಧಿಗೇ ಜಾಸ್ತಿ ರೊಕ್ಕ. ನಾವೇನು ಮನೆಗೆ ಒಯ್ತೀವೇನು?" ಮುಚ್ಚಿಡದೆ ಹೇಳುತ್ತೇವೆ: ಈ ಮಾತು ನಮ್ಮಲ್ಲಿ ಹಲವರಿಗೆ ಸರಿ ಎನಿಸಿತು. ನಿಧಿಯಿಂದ ಫೀಸ್ ಕಟ್ಟಬೇಕಾದ ಮಕ್ಕಳ ಹೆಸರು ನಮಗೆ ಗೊತ್ತಿದ್ದವು. ಡಬ್ಬಿ ಕಳೆದುಕೊಳ್ಳುವವರು ಯಾರೆಂದು ಗೊತ್ತಿರಲಿಲ್ಲ.

ಪಿನ್‌ಬಾಲ್ ಬಗ್ಗೆ ಲೋಕದಲ್ಲಿ ನಡೆದ ದೊಡ್ಡ ಜಗಳ ಬೇರೆಯದು. ನ್ಯೂಯಾರ್ಕ್ ನಗರ 1942ರಲ್ಲಿ ಅದನ್ನು ಜೂಜೆಂದು ನಿಷೇಧಿಸಿತು. ಮೇಯರ್ ಲಾಗಾರ್ಡಿಯಾ ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆದರು. 1976ರಲ್ಲಿ ರೋಜರ್ ಶಾರ್ಪ್ ಎಂಬವರು ನಗರಸಭೆಯವರ ಎದುರು ಆಡಿ, ಗುಂಡು ಯಾವ ದಾರಿಯಲ್ಲಿ ಇಳಿಯುತ್ತದೆಂದು ಮೊದಲೇ ಹೇಳಿ ಹಾಗೆಯೇ ಹೊಡೆದು ತೋರಿಸಿದ ಮೇಲೆ ನಿಷೇಧ ತೆರವಾಯಿತು. ನಮ್ಮ ದೇಶದಲ್ಲೂ 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಆಟವನ್ನು ಹೆಚ್ಚಾಗಿ ಜಾಣ್ಮೆಯ ಆಟವೆಂದೇ ಹೇಳಿತು. ಅಲ್ಲೆಲ್ಲ ಪ್ರಶ್ನೆ ಒಂದೇ: ಇದು ಅದೃಷ್ಟವೋ ಜಾಣ್ಮೆಯೋ? ನಮ್ಮ ಹಲಗೆಯ ಪ್ರಶ್ನೆಗೆ ಎರಡೂ ಉತ್ತರವಾಗುವುದಿಲ್ಲ. 10 ಮಿಲಿಮೀಟರಿನಲ್ಲಿ 11 ಮಿಲಿಮೀಟರಿನ ಗುಂಡು ಹೋಗದಿರುವುದು ಅದೃಷ್ಟವೂ ಅಲ್ಲ, ಜಾಣ್ಮೆಯ ಕೊರತೆಯೂ ಅಲ್ಲ. ಅದು ಮೋಸ. ಅದೃಷ್ಟದ ಆಟ ತಾನಾಗಿಯೇ ಅನ್ಯಾಯವಲ್ಲ, ಆದರೆ ಒಬ್ಬರ ಅಗತ್ಯದ ಹಣವನ್ನು ಕಸಿದರೆ ಅದನ್ನು ಒಪ್ಪಲಾಗದು, ಮೋಸವಂತೂ ಗಂಭೀರ ತಪ್ಪು ಎಂದು ಧರ್ಮಸಭೆಯ ಧರ್ಮೋಪದೇಶವೂ ಹೇಳುತ್ತದೆ.

'ಇದ್ದದ್ದನ್ನು ಇದ್ದಂತೆ' ಎಂಬ ವಾದಕ್ಕೆ ಉತ್ತರ ನಮ್ಮ ಊರುಗಳಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಕಡೆ ಸಾವಿರಾರು ಜನ ತಮ್ಮ ಮನೆಗಳ ಕೆಳಗೇ ಸತ್ತರು. ಎರಡು ಮುಖದ ದಪ್ಪ ಕಲ್ಲಿನ ಗೋಡೆ, ಗಾರೆಯ ಬದಲು ಕೆಸರು, ಮೇಲೆ ಭಾರದ ಮಣ್ಣಿನ ಮಾಳಿಗೆ. ನಮ್ಮ ಹಿರಿಯರು ಪ್ರೀತಿಯಿಂದ ಕಟ್ಟಿದ ಮನೆಗಳೇ ಅವು. ಆಮೇಲೆ ಉಳಿದ ಮನೆಗಳನ್ನು ಗಟ್ಟಿ ಮಾಡುವಾಗ ಗೋಡೆಯ ಎರಡು ಮುಖಗಳನ್ನು ಹಿಡಿದಿಡಲು ಅಡ್ಡಗಲ್ಲು ಹಾಕಲು, ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಲು ಕಲಿಸಿದರು. ಇದ್ದಂತೆಯೇ ಕಟ್ಟುವುದೇ ನಿಷ್ಠೆಯಾಗಿದ್ದರೆ, ಕೊಂದ ದೋಷವನ್ನೂ ಮತ್ತೆ ಕಟ್ಟಬೇಕಾಗಿತ್ತು. ದುರಸ್ತಿ ಮಾಡುವವರು ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಲೇಬೇಕು. ಆ ತೀರ್ಮಾನದ ಹೊಣೆಯನ್ನು ಹಳೆಯವರ ಮೇಲೆ ಹಾಕಲು ಬರುವುದಿಲ್ಲ.

ಮೊಳೆ ಕೀಳುವುದೆಂದು ನಿರ್ಧರಿಸಿದೆವು. ಆದರೆ ಹಲಗೆ ಆಯಿಯದು, ಅವರನ್ನು ಕೇಳದೆ ಕೀಳುವಂತಿರಲಿಲ್ಲ. ಕೇಳಿದರೆ ತೀರಿಹೋದ ಮುತ್ಯಾರ ಹೆಸರು ಬರುತ್ತದೆ. ಹೋಗಲಿ, ಸುಮ್ಮನೆ ಸರಿಪಡಿಸಿಬಿಡೋಣ ಎಂದರು ಕೆಲವರು. ಕೊನೆಗೆ ಇಬ್ಬರು ಹೋಗಿ, ತಡವರಿಸುತ್ತ, "ಆಯಿ, ಸಾವಿರದ ಮನಿ ಬಾಗಿಲು ಸಣ್ಣದೈತಿ" ಅಂದೆವು.

ಆಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನನಗ ಗೊತ್ತೈತಿ. ಮೊದಲ ಹಂಗ ಇರಲಿಲ್ಲ. ಮಾಳೇಗಾವ್ ಜಾತ್ರ್ಯಾಗ ಇಟ್ಟಾಗ ಗುಂಡು ಬೀಳ್ತಿತ್ತು, ಮಂದಿ ನಗ್ತಿದ್ರು. ಬರಗಾಲದಾಗ ಬಡಿದ್ರು ಆ ಮೊಳಿ."

ಅದು 1972ರ ಬರ. ಮಳೆ ಕೈಕೊಟ್ಟಿತ್ತು. ರೇಷನ್ನಿನ ಕೆಂಪು ಮಿಲೋ ಜೋಳ ತಿಂದು ಜನ ಬದುಕಿದ್ದರು. ಸರಕಾರ ತೆರೆದ ಪರಿಹಾರ ಕಾಮಗಾರಿಗಳಲ್ಲಿ ಗಂಡಸರು ಹೆಂಗಸರು ಕಲ್ಲು ಒಡೆಯುತ್ತಿದ್ದರು. ಮುತ್ಯಾ ಪಗಾರ ಹಂಚುವ ದಿನ ನೋಡಿ ಅಲ್ಲಿಗೆ ಹಲಗೆ ಹೊತ್ತು ಹೋಗುತ್ತಿದ್ದರಂತೆ. ಕನ್ನಡ, ಮರಾಠಿ, ದಖನಿ ಮೂರರಲ್ಲೂ ಕೂಗಿ ಕರೆಯುತ್ತಿದ್ದರಂತೆ. "ಆ ರೊಕ್ಕದಾಗ ನನ್ನ ಮೂರು ಮಕ್ಕಳು ಉಂಡಾವು. ಕಲ್ಲು ಒಡದವರ ಮಕ್ಕಳು ಏನು ಉಂಡ್ರೋ ನಾ ಕೇಳಲಿಲ್ಲ. ಆಮ್ಯಾಲ ಅವರು ಹಲಗಿ ಅಟ್ಟದ ಮ್ಯಾಲ ಹಾಕಿದ್ರು, ಇಳಿಸಲೇ ಇಲ್ಲ."

ಆಗ ನಮಗೆ ತೀರ್ಪು ಕೊಡುವ ಉತ್ಸಾಹ ಉಳಿಯಲಿಲ್ಲ. ಹಸಿದ ಮಕ್ಕಳ ಮುಂದೆ ನಾವು ಏನು ಮಾಡುತ್ತಿದ್ದೆವೋ ಯಾರು ಬಲ್ಲರು? ಆದರೆ ಮುತ್ಯಾರ ಕಷ್ಟ ನಿಜವಾದಷ್ಟೇ ಕಲ್ಲು ಒಡೆದವರ ಐದು ಪೈಸೆ, ಹತ್ತು ಪೈಸೆಯೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಅಳಿಸಲಾಗದು. ಇನ್ನೊಂದು ವಿಷಯವೂ ಹೊಳೆಯಿತು. ಮುತ್ಯಾ ಮಕ್ಕಳ ಹೊಟ್ಟೆಗಾಗಿ ಮಾಡಿದ್ದನ್ನೇ ನಾವು ಮಕ್ಕಳ ಫೀಸಿಗಾಗಿ ಮಾಡಲು ಹೊರಟಿದ್ದೆವು. ಅವರಿಗೆ ಬರಗಾಲವಾದರೂ ಇತ್ತು.

ಪಡೆದದ್ದನ್ನು ಹಿಂದಿರುಗಿಸುವುದು ಹೇಗೆ? ಜಕ್ಕಾಯ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಯಾರಿಂದ ಕಿತ್ತುಕೊಂಡಿದ್ದನೋ ಅವರು ಅವನ ಊರಿನಲ್ಲೇ ಇದ್ದರು. ಅರ್ಧ ಶತಮಾನದ ಹಿಂದೆ ರಸ್ತೆ ಬದಿಯಲ್ಲಿ ಐದು ಗುಂಡು ಹೊಡೆದು ಹೋದವರನ್ನು ಆಯಿ ಎಲ್ಲಿ ಹುಡುಕಬೇಕು? ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನೂ ಬಿಟ್ಟಿಲ್ಲ. ಕಳೆದುಕೊಂಡವರು ಯಾರೆಂದೇ ತಿಳಿಯದಿದ್ದರೆ ಅದನ್ನು ಅವರ ಹೆಸರಿನಲ್ಲಿ ಬಡವರಿಗೆ ಕೊಡಬೇಕು ಎನ್ನುತ್ತಾರೆ. ಹಾಗಾದರೆ ನಮ್ಮ ಮೇಳದ ಹಣ ಆ ಸಾಲಕ್ಕೆ ಜಮೆಯಾಗಬಹುದು. ಆದರೆ ಬಾಗಿಲು ತೆರೆದಿದ್ದರೆ ಮಾತ್ರ. ಹಳೆಯ ಮೊಳೆಗಳಿಂದಲೇ ಹಣ ಕೂಡಿಸಿ ಬಡವರಿಗೆ ಕೊಟ್ಟರೆ ಸಾಲ ತೀರುವುದಿಲ್ಲ, ಬೆಳೆಯುತ್ತದೆ.

ಆಯಿಯ ಎದುರಿನಲ್ಲೇ ಮೊಳೆ ಕಿತ್ತೆವು. ಮೇಣ ತೆಗೆದು ಹಳೆಯ ತೂತುಗಳಲ್ಲೇ ಹೊಡೆದೆವು. ಬಾಗಿಲು 15 ಮಿಲಿಮೀಟರ್ ಆಯಿತು. ಮತ್ತೆ ಇನ್ನೂರು ಗುಂಡು ಹೊಡೆದೆವು. ಏಳು ಒಳಗೆ ಬಿದ್ದವು. ಮೋಸದ ಮೊಳೆಗಳಿದ್ದ ಎರಡು ತೂತುಗಳನ್ನು ಏನು ಮಾಡುವುದೆಂದು ಕೇಳಿದೆವು. ಮುಚ್ಚಿ ಬಣ್ಣ ಹಚ್ಚಿದರೆ ಹಲಗೆ ಚೆನ್ನಾಗಿ ಕಾಣುತ್ತಿತ್ತು. ಆಯಿ ಬೇಡವೆಂದರು. "ಒಮ್ಮೆ ಬಣ್ಣ ಹಚ್ಚಿದ್ದು ಸಾಕು" ಅಂದರು. ಇದನ್ನು ಬರೆಯಬಹುದೇ ಎಂದಾಗ, "ಬರೀರಿ. ಅವರ ಹೆಸರು ಮಾತ್ರ ಬ್ಯಾಡ" ಅಂದರು.

ಮೇಳದ ದಿನ ಮೂರು ಡಬ್ಬಿ ಹೋದವು. ಒಂದನ್ನು ಗೆದ್ದದ್ದು ಉದಗೀರದ ಒಂದನೆಯ ತರಗತಿಯ ಹುಡುಗಿ. ಅವಳೇ ಮೊದಲು ಕೇಳಿದ್ದು, ಈ ಎರಡು ತೂತು ಯಾಕೆ ಖಾಲಿ ಇವೆ ಎಂದು. ಅಲ್ಲಿ ಮೊದಲು ಎರಡು ಮೊಳೆ ಇದ್ದವು, ಆಗ ಗುಂಡು ಒಳಗೆ ಹೋಗುತ್ತಿರಲಿಲ್ಲ, ಅದಕ್ಕೇ ತೆಗೆದೆವು ಎಂದು ಹೇಳಿದೆವು. ಅವಳಿಗೆ ಅಷ್ಟು ಸಾಕಾಯಿತು. ಡಬ್ಬಿಗಳ ಖರ್ಚು ಕಳೆದು ಉಳಿದದ್ದನ್ನು, ಹೆಚ್ಚೇನೂ ಅಲ್ಲ, ಬಡವರ ನಿಧಿಗೆ ಕೊಟ್ಟಿದ್ದೇವೆ. ಹಲಗೆ ಈಗ ದೇವಾಲಯದ ಪಕ್ಕದ ಸಭಾಂಗಣದಲ್ಲಿದೆ. ಈ ವರ್ಷದ ಮೇಳಕ್ಕೂ ಇಡುತ್ತೇವೆ. ಯಾರಾದರೂ ಬಹುಮಾನಕ್ಕೆ ಸ್ಟೀಲ್ ಡಬ್ಬಿ ಕೊಡುವುದಾದರೆ ಭಾನುವಾರ ಪೂಜೆಯ ನಂತರ ನಮ್ಮನ್ನು ಕಾಣಿರಿ. ಡಬ್ಬಿಗಳು ಹೋಗುತ್ತವೆ ಎಂದು ಮೊದಲೇ ತಿಳಿಸಿರುತ್ತೇವೆ.