ಭರಣಿ ಮಳೆಗೆ ಬಿರಿದ ನೀಲಿ

ಭರಣಿ ಮಳೆಯ ಹನಿ ಬಿದ್ದು, ಹಗಲೆಲ್ಲ ಕಾದ ಸಿಮೆಂಟು ಬಿಸಿಯುಸಿರು ಬಿಟ್ಟು ತಣ್ಣಗಾಗುವ ಸಂಜೆಗಳಲ್ಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ದೊಡ್ಡತೋಗೂರಿನ ತಾರಸಿಗಳ ಮೇಲೆ ಒಣಹಾಕಿದ ಬಟ್ಟೆಗಳ, ನೀರಿನ ಟ್ಯಾಂಕುಗಳ ನಡುವೆ ಎಲ್ಲೋ ಒಂದು ಕುಂಡದಲ್ಲಿ ಅಗಪಾಂಥಸ್ ಎಂಬ ಹೂಗಿಡ ತನ್ನ ದಂಟನ್ನು ಎತ್ತುತ್ತಿರುತ್ತದೆ. ಎತ್ತಿದ್ದು ಯಾವಾಗ ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಿನ್ನೆಯವರೆಗೆ ಬಾಗಿ ಬಿದ್ದ ಪಟ್ಟಿಯಂಥ ಎಲೆಗಳ ಹಸಿರಷ್ಟೇ ಇದ್ದ ಜಾಗದಲ್ಲಿ ಇಂದು ಎಲೆಯಿಲ್ಲದ ಒಂದು ನೀಳ ಕಡ್ಡಿ, ಅದರ ತುದಿಗೆ ಎರಡು ಪೊರೆಗಳು ಕೈಮುಗಿದಂತೆ ಕೂಡಿ ಮುಚ್ಚಿಟ್ಟ ಒಂದು ಮೊಗ್ಗು. ರಾತ್ರಿಪಾಳಿಯ ಕ್ಯಾಬುಗಳು ಬಂದು ಹೋಗುತ್ತವೆ, ಬೊಮ್ಮಸಂದ್ರದ ಕಡೆಯಿಂದ ಯಂತ್ರಗಳ ಗುಂಯ್ ಸದ್ದು ತೇಲಿ ಬರುತ್ತದೆ, ಆ ಪೊರೆಗಳೊಳಗೆ ಮಾತ್ರ ನೀಲಿ ತನ್ನ ಪಾಡಿಗೆ ತಾನು ಮಾಗುತ್ತಿರುತ್ತದೆ.

ಬಿರಿಯುವಾಗಲೂ ಅದಕ್ಕೆ ಅವಸರವಿಲ್ಲ. ಪೊರೆ ಒಣಗಿ ಕಳಚಿದ ಮೇಲೆ, ದಂಟಿನ ತುದಿಯ ಒಂದೇ ನೆಲೆಯಿಂದ ಹತ್ತಾರು ತೊಟ್ಟುಗಳು ಎಲ್ಲ ದಿಕ್ಕಿಗೂ ಚಾಚಿಕೊಂಡು, ಇಂದು ನಾಲ್ಕು, ನಾಳೆ ಆರು ಎಂಬಂತೆ ಹೂಗಳು ಕಣ್ಣು ತೆರೆಯುತ್ತವೆ. ಪ್ರತಿ ಹೂವಿಗೂ ಆರು ಎಸಳು, ಪ್ರತಿ ಎಸಳಿನ ನಡುಮಧ್ಯೆ ಮೇಲಿನಿಂದ ಕೆಳಗಿನವರೆಗೆ ಇಳಿದ ಇನ್ನೂ ಗಾಢವಾದ ಒಂದು ನೀಲಿ ಗೆರೆ, ಆ ಗೆರೆಯ ಮೇಲೆ ಮಳೆ ಬಿಟ್ಟುಹೋದ ಒಂದು ಹನಿ. ಈರುಳ್ಳಿ, ಬೆಳ್ಳುಳ್ಳಿ ಇದರ ಬಳಗದವೇ ಎಂದು ಸಸ್ಯಶಾಸ್ತ್ರ ಹೇಳುತ್ತದೆ. ಬೀಜಕ್ಕೆ ಬಿಟ್ಟ ಈರುಳ್ಳಿ ಹೊಲದಲ್ಲಿ ನಿಂತವರಿಗೆ ಆ ನಂಟು ಹೇಳಿಕೊಡಬೇಕಾಗಿಯೂ ಇಲ್ಲ. ಅದೇ ಬತ್ತಲೆ ದಂಟು, ಅದೇ ಒಂದೇ ನೆಲೆಯಿಂದ ಹೊಮ್ಮುವ ದುಂಡು. ಅಲ್ಲಿ ಅದು ಬಿಳಿಯಾಗಿ ಉಳಿಯಿತು, ಇಲ್ಲಿ ನೀಲಿಯಾಯಿತು. ಆ ನೀಲಿಯ ಬೇರು ಡೆಲ್ಫಿನಿಡಿನ್ ಗುಂಪಿನ ವರ್ಣದ್ರವ್ಯದಲ್ಲಿದೆ. ಗುಲಾಬಿಯ ಒಡಲಲ್ಲಿ ಅದು ತಾನಾಗಿ ಹುಟ್ಟುವುದಿಲ್ಲ, ಹಾಗಾಗಿ ಎಷ್ಟು ತಲೆಮಾರು ತೋಟಗಾರರು ಹಂಬಲಿಸಿದರೂ ಗುಲಾಬಿಗೆ ಆಕಾಶದ ಬಣ್ಣ ಒಲಿಯಲಿಲ್ಲ. ಇಷ್ಟು ತಿಳಿದ ಮೇಲೂ, ಮೋಡದ ಮಂಕು ಬೆಳಕಿನಲ್ಲಿ ಆ ಗೊಂಚಲು ಒಳಗಿನಿಂದಲೇ ಬೆಳಗುತ್ತಿರುವಂತೆ ಕಂಡಾಗ, ತಿಳಿವಳಿಕೆ ಬೆರಗನ್ನು ಸ್ವಲ್ಪವೂ ಕರಗಿಸಿಲ್ಲ ಎಂದು ಅರಿವಾಗುತ್ತದೆ.

ಅದರ ತವರು ದಕ್ಷಿಣ ಆಫ್ರಿಕ. ಅಲ್ಲಿನ ಪೂರ್ವ ಕೇಪ್ ಸೀಮೆಯಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ. ಆಗ ಅದು ಗುಡ್ಡದ ಕಲ್ಲುಗಳ ಸಂದಿಯಲ್ಲಿ ಅರಳುತ್ತದೆ. ಅಲ್ಲಿನ ಷೋಸಾ ಸಮುದಾಯದ ಹೆಂಗಸರಲ್ಲಿ, ಹುಟ್ಟುವ ಮಗು ಗಟ್ಟಿಯಾಗಿರಲಿ ಎಂದು ಇದರ ಬೇರುಗಳನ್ನು ಸರ ಮಾಡಿ ಕೊರಳಿಗೆ ಧರಿಸುವ ರೂಢಿಯಿದೆ. ಭೂಮಧ್ಯರೇಖೆ ದಾಟಿ ಬಂದ ಈ ಗಿಡಕ್ಕೆ ಋತುಗಳೆಲ್ಲ ತಲೆಕೆಳಗಾದವು. ಆದರೂ ಅದು ಹಳೆಯ ಪಂಚಾಂಗವನ್ನು ಹಿಡಿದು ಕೂರಲಿಲ್ಲ. ನಮ್ಮ ಡಿಸೆಂಬರಿನ ಚಳಿಯಿರುಳುಗಳನ್ನು ಮೈಗೂಡಿಸಿಕೊಂಡು, ಉದ್ದವಾಗುವ ಹಗಲುಗಳನ್ನು ಅಳೆದು, ನಮ್ಮ ಮಳೆನಕ್ಷತ್ರಗಳಿಗೆ ತನ್ನ ಕಾಲವನ್ನು ಹೊಂದಿಸಿಕೊಂಡಿತು. ಕಣ್ಣಿಲ್ಲದ ಒಂದು ಗಿಡ ಸೂರ್ಯನ ದಾರಿಯನ್ನು ಓದುತ್ತದೆ ಎಂಬುದನ್ನು ನೆನೆದರೆ, ದೇವರ ಕೋಣೆಯ ಮುಂದೆ ನಿಂತಾಗಿನ ಮೌನವೇ ಆ ಕುಂಡದ ಮುಂದೆಯೂ ತಾನಾಗಿ ಆವರಿಸುತ್ತದೆ.

ಆ ಗಿಡವನ್ನು ತಬ್ಬಿ ಹಿಡಿದ ಕೆಂಪು ಮಣ್ಣಿಗೂ ದೂರದಿಂದ ಬಂದವರನ್ನು ಒಪ್ಪಿಕೊಳ್ಳುವುದು ಹೊಸತಲ್ಲ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನ ಬೆನ್ನು ಹಿಡಿದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗುವ ಮುನ್ನ, ಈ ಸೀಮೆಯ ಮಣ್ಣು ಬಲ್ಲದ್ದು ರಾಗಿಯನ್ನು. ಆ ರಾಗಿಯೂ ಆಫ್ರಿಕದ್ದೇ. ಪೂರ್ವ ಆಫ್ರಿಕದ ಎತ್ತರದ ನೆಲಗಳಲ್ಲಿ ಮೊದಲು ಪಳಗಿ, ಸಾವಿರಾರು ವರ್ಷಗಳ ಹಿಂದೆ ಇತ್ತ ಬಂದು, ನಮ್ಮ ಮುದ್ದೆಯಾಗಿ, ನಮ್ಮ ಮೈಯೇ ಆಗಿ ಹೋಯಿತು. ಅಂದು ಅನ್ನವನ್ನು ಒಪ್ಪಿಕೊಂಡ ಮಣ್ಣು ಇಂದು ಅದೇ ಖಂಡದ ಹೂವನ್ನು ಒಪ್ಪಿಕೊಂಡಿದೆ. ಎರಡಕ್ಕೂ ಅದು ಕೇಳಿದ್ದು ಒಂದು ಮಳೆ, ಒಂದಿಷ್ಟು ಬಿಸಿಲು.

ಆರೈಕೆಯೂ ಗಿಡದ ನಿಧಾನ ನಡೆಗೆ ಜೊತೆಯಾಗಿ ಹೆಜ್ಜೆ ಹಾಕುವುದಷ್ಟೆ. ಕೆಂಪು ಮಣ್ಣಿಗೆ ಎರೆಗೊಬ್ಬರ, ದಪ್ಪ ಮರಳು ಬೆರೆಸಿ, ಗೆಡ್ಡೆಯನ್ನು ಮಣ್ಣಿನ ಮೇಲ್ಪದರದ ಸ್ವಲ್ಪವೇ ಕೆಳಗೆ ಇಟ್ಟು, ಅರ್ಧ ದಿನದ ಬಿಸಿಲು ಬೀಳುವ ಕಡೆ ಕುಂಡವನ್ನಿಡುವುದು. ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು, ಚಳಿಗಾಲದಲ್ಲಿ ಇನ್ನೂ ಕಡಿಮೆ. ಮಳೆಗಾಲದ ಇರುಳಲ್ಲಿ ಎಲೆಯ ಬುಡಕ್ಕೆ ಸೇರುವ ಬಸವನಹುಳುಗಳನ್ನು ಆರಿಸಿ ತೆಗೆಯುವುದು. ಬೇರುಗಳು ಕುಂಡದ ತುಂಬ ಒತ್ತೊತ್ತಾಗಿ ಹೆಣೆದುಕೊಂಡಾಗಲೇ ಹೂ ಚೆನ್ನ ಎನ್ನುತ್ತಾರೆ ಬಲ್ಲವರು, ಹಾಗಾಗಿ ನಾಲ್ಕೈದು ವರ್ಷ ಅದನ್ನು ಕದಲಿಸದೆ, ಆಮೇಲೆ ಹೂ ಮುಗಿದ ಕಾಲದಲ್ಲಿ ಗೆಡ್ಡೆ ಬಿಡಿಸಿ ನೆರೆಮನೆಗೊಂದು ಪಾಲು ಕೊಡಬಹುದು. ರಸ ತಾಕಿದರೆ ಕೆಲವರ ಚರ್ಮಕ್ಕೆ ಉರಿ. ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಬೇಕು.

ಬೀಜದಿಂದ ಬೆಳೆಸಿದರೆ ಹೂ ಕಾಣಲು ಮೂರರಿಂದ ಐದು ವರ್ಷ ಬೇಕು. ಗೆಡ್ಡೆ ನೆಟ್ಟರೂ ಮೊದಲ ವರ್ಷ ಬರಿಯ ಹಸಿರೇ ಇರಬಹುದು, ಅದನ್ನು ಕಿತ್ತೆಸೆಯಬೇಡಿ. ನಿಮ್ಮ ಬಾಲ್ಕನಿಯಲ್ಲಿ ಒಂದು ಕುಂಡದಷ್ಟು ಜಾಗ, ನಿಮ್ಮ ದಿನದಲ್ಲಿ ಅದರ ಮುಂದೆ ಸುಮ್ಮನೆ ನಿಲ್ಲುವಷ್ಟು ಹೊತ್ತು, ಇವೆರಡನ್ನು ಕೊಡಿ. ಉಳಿದದ್ದನ್ನು ಆ ಗಿಡ ನೋಡಿಕೊಳ್ಳುತ್ತದೆ.